ಅಡುಗೆಮನೆ ಕೆಲಸ ಮೂರು ವಾರದಲ್ಲಿ ಮುಗಿಯುತ್ತಾ? ಮಾಡಿಸಿದವರು ಹೇಳಿ

ಪ್ರಶ್ನೆ:
ನಮ್ಮ ಅಡುಗೆಮನೆ ಪೂರ್ತಿ ಹೊಸದಾಗಿ ಮಾಡಿಸಬೇಕು. ಹಳೆ ಕಟ್ಟೆ ಒಡೆಯುವುದು, ನೀರಿನ ಪೈಪು, ವೈರಿಂಗ್, ಟೈಲ್ಸ್, ಆಮೇಲೆ ಕ್ಯಾಬಿನೆಟ್. ಕಂಟ್ರಾಕ್ಟರ್ ಮೂರು ವಾರ ಸಾಕು ಅನ್ನುತ್ತಿದ್ದಾರೆ. ಮನೆಯಲ್ಲಿ ಚಿಕ್ಕ ಮಗು ಇದೆ, ವಯಸ್ಸಾದ ಅತ್ತೆ ಇದ್ದಾರೆ, ಬೇರೆ ಕಡೆ ಹೋಗಿ ಇರುವ ಹಾಗಿಲ್ಲ. ನಿಮಗೆ ನಿಜವಾಗಿ ಎಷ್ಟು ದಿನ ಹಿಡಿಯಿತು? ಎಲ್ಲಿ ತಡವಾಯಿತು?

ಉತ್ತರ 1:
ನಮಗೂ ಮೂರು ವಾರ ಅಂದಿದ್ದರು. ಹಿಡಿದದ್ದು ಹತ್ತು ವಾರ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲಸದವರು ಬಂದ ದಿನಗಳಿಗೆಲ್ಲ ಗುರುತು ಹಾಕಿದ್ದೆ, ಕೊನೆಗೆ ಎಣಿಸಿದರೆ ಬರೀ 24. ಅಂದರೆ ಅವರು ಸುಳ್ಳು ಹೇಳಿರಲಿಲ್ಲ. ಅವರು ಕೆಲಸದ ದಿನ ಎಣಿಸಿದ್ದರು, ನಾವು ಕಾಯುವ ದಿನ ಎಣಿಸಿರಲಿಲ್ಲ.

ಕಾಯುವುದು ಎಲ್ಲಿ ಬರುತ್ತದೆ ಅಂತ ಹೇಳುತ್ತೇನೆ. ಕ್ಯಾಬಿನೆಟ್‌ನವರು ಕೊನೆಯ ಅಳತೆ ತೆಗೆಯುವುದು ಗೋಡೆ, ನೆಲ ಮುಗಿದ ಮೇಲೆ. ಅಳತೆ ಕೊಟ್ಟ ಮೇಲೆ ಫ್ಯಾಕ್ಟರಿಯಿಂದ ಬರಲು ನಮಗೆ ಐದು ವಾರ ಆಯಿತು. ಬಂದು ಕೂರಿಸಿದರು, ಮುಗಿಯಿತು ಅಂದುಕೊಂಡೆವು. ಇಲ್ಲ. ಕೆಳಗಿನ ಕ್ಯಾಬಿನೆಟ್ ಮಟ್ಟಕ್ಕೆ ಕೂತ ಮೇಲೇ ಮೇಲಿನ ಕಲ್ಲಿಗೆ ಅಳತೆ. ಕಲ್ಲು ಕತ್ತರಿಸಬೇಕಾದರೆ ಸಿಂಕ್ ಮತ್ತು ಹಾಬ್ (ಕಲ್ಲಿನೊಳಗೆ ಕೂರಿಸುವ ಒಲೆ) ಕೈಯಲ್ಲಿರಬೇಕು, ಅವುಗಳ ಸೈಜಿಗೇ ತೂತು ಕೊರೆಯುವುದು ಅಲ್ವಾ. ನಾವು ಸಿಂಕ್ ಇನ್ನೂ ನೋಡಿಯೇ ಇರಲಿಲ್ಲ! ಅದನ್ನು ಆರಿಸಲು ನಾಲ್ಕು ದಿನ, ಕಲ್ಲು ಬರಲು ಇನ್ನೊಂದು ವಾರ, ಕಲ್ಲು ಇಲ್ಲದೆ ಸಿಂಕ್ ಇಲ್ಲ, ಸಿಂಕ್ ಇಲ್ಲದೆ ನಲ್ಲಿ ಇಲ್ಲ, ಹೀಗೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಅಡುಗೆಮನೆಗೆ ನೀರು ಬಂದದ್ದು ಹತ್ತನೇ ವಾರದಲ್ಲಿ.

ಆದ್ದರಿಂದ ಒಡೆಯುವ ತಾರೀಖು ಗೊತ್ತು ಮಾಡುವ ಮೊದಲು ಸಿಂಕ್, ನಲ್ಲಿ, ಹಾಬ್, ಚಿಮಣಿ, ಟೈಲ್ಸ್, ಕಲ್ಲು ಎಲ್ಲ ಆರಿಸಿ. ಆಗುವುದಾದರೆ ಮನೆಗೇ ತಂದಿಟ್ಟುಕೊಳ್ಳಿ. ಟೈಲ್ಸ್ ಶೇ. 10 ಜಾಸ್ತಿ ತನ್ನಿ. ಒಡೆದು ಕಮ್ಮಿ ಬಿದ್ದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಉತ್ತರ 2:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಒಣಗುವ ದಿನಗಳನ್ನೂ ಸೇರಿಸಿ. ಸಿಮೆಂಟ್ ಪ್ಲಾಸ್ಟರಿಗೆ ಕಮ್ಮಿ ಅಂದರೂ 7 ದಿನ ನೀರು ಹಾಕಬೇಕು. ಆಮೇಲೆ ಅದು ಆರಬೇಕು. ಟೈಲ್ಸ್ ಅಂಟಿಸಿದ ಮೇಲೆ ಸಾಮಾನ್ಯವಾಗಿ 24 ಗಂಟೆ ಬಿಟ್ಟು ಸಂದಿಗೆ ಗ್ರೌಟ್ ತುಂಬುತ್ತಾರೆ. ಸಿಂಕ್ ಸುತ್ತ ಸಿಲಿಕೋನ್ ಹಾಕಿದ ಮೇಲೂ ಒಂದು ದಿನ ನೀರು ತಾಗಿಸಬಾರದು. ಮಳೆಗಾಲವಾದರೆ ಎಲ್ಲ ಇನ್ನೂ ನಿಧಾನ.

ನಾವು ಅವಸರ ಮಾಡಿದೆವು. ಪ್ಲಾಸ್ಟರ್ ಆಗಿ ಒಂಬತ್ತನೇ ದಿನಕ್ಕೆ ಗೋಡೆಗೆ ತಾಗಿಸಿ ಕ್ಯಾಬಿನೆಟ್ ಕೂರಿಸಿಬಿಟ್ಟೆವು. ಮುಟ್ಟಿದರೆ ಗೋಡೆ ಒಣಗಿದ ಹಾಗೇ ಇತ್ತು. ಎರಡು ತಿಂಗಳಲ್ಲಿ ಹಿಂದಿನ ಹಲಗೆ ಉಬ್ಬಿ ಬೂಷ್ಟು ಹಿಡಿಯಿತು. ಎಷ್ಟು ಬೇಜಾರಾಯಿತು ಅಂದರೆ, ಇವತ್ತಿಗೂ ಆ ಬಾಗಿಲು ತೆಗೆದಾಗ ಹೊಟ್ಟೆ ಉರಿಯುತ್ತದೆ. ಒಣಗುವ ದಿನವನ್ನು ಯಾರು ಏನೇ ಹೇಳಲಿ ಕಡಿಮೆ ಮಾಡಬೇಡಿ.

ಉತ್ತರ 3:
ನನ್ನದು ಚಿಕ್ಕ ಮಾತು. ಹೆಚ್ಚುವರಿ ದಿನಗಳನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಒಂದು ವಾರವನ್ನಾದರೂ ಒಡೆದ ತಕ್ಷಣಕ್ಕೆ ಇಡಿ. ಗೋಡೆಯೊಳಗೆ ಏನಿದೆ ಅಂತ ಗೊತ್ತಾಗುವುದು ಆಗಲೇ. ನಮ್ಮಲ್ಲಿ ಹಳೆ ಕಬ್ಬಿಣದ ಪೈಪು ತುಕ್ಕು ಹಿಡಿದು ಒಳಗೊಳಗೇ ಸೋರುತ್ತಿತ್ತು, ಅದನ್ನೆಲ್ಲ ಬದಲಾಯಿಸಲು ಆರು ದಿನ ಹೋಯಿತು. ಹೊಸ ಪೈಪ್ ಕೂರಿಸಿದ ಮೇಲೆ ಪ್ರೆಷರ್ ಟೆಸ್ಟ್ (ಒತ್ತಡ ಕೊಟ್ಟು ಎಲ್ಲಾದರೂ ಸೋರುತ್ತದಾ ಅಂತ ನೋಡುವುದು) ಮಾಡಿಸದೆ ಗೋಡೆ ಮುಚ್ಚಲು ಬಿಡಬೇಡಿ. ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ಫೋಟೋ ತೆಗೆಯಿರಿ. ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಅಂತ ತಿಳಿಯಲು ಆ ಫೋಟೋನೇ ಗತಿ. ಪ್ಲಗ್ ಪಾಯಿಂಟ್ ಎಲ್ಲೆಲ್ಲಿ ಬೇಕು ಅಂತಲೂ ಗೋಡೆ ಕೊರೆಯುವ ಮೊದಲೇ ಗುರುತು ಹಾಕಿಸಿ.

ಉತ್ತರ 4:
ಮಗು, ಅತ್ತೆ ಇಬ್ಬರೂ ಇದ್ದಾರೆ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾವೂ ಅದೇ ಮನೆಯಲ್ಲಿ ಇದ್ದುಕೊಂಡೇ ಮಾಡಿಸಿದೆವು. ಒಲೆ ಇಲ್ಲದೆ ಹೇಗೋ ನಡೆಯುತ್ತದೆ, ಇಂಡಕ್ಷನ್ ಇದೆ. ಪಾತ್ರೆ ತೊಳೆಯುವ ಜಾಗ ಇಲ್ಲದೆ ನಡೆಯುವುದಿಲ್ಲ. ಹಳೆ ಸಿಂಕನ್ನು ಒಡೆಯದೆ ಜೋಪಾನವಾಗಿ ತೆಗೆಸಿ, ಹಿತ್ತಿಲಲ್ಲೋ ಬಟ್ಟೆ ಒಗೆಯುವ ಜಾಗದಲ್ಲೋ ಒಂದು ಸ್ಟ್ಯಾಂಡಿನ ಮೇಲೆ ಕೂರಿಸಿ ಪೈಪು ಕೊಡಿಸಿ. ಇದಕ್ಕೆ ಪ್ಲಂಬರ್ ಅರ್ಧ ದಿನ ತೆಗೆದುಕೊಂಡರು, ನಮ್ಮನ್ನು ಎರಡು ತಿಂಗಳು ಕಾಪಾಡಿತು. ಒಡೆಯುವ ಎರಡು ಮೂರು ದಿನ ಮಾತ್ರ ಅತ್ತೆಯನ್ನೂ ಮಗುವನ್ನೂ ನೆಂಟರ ಮನೆಗೆ ಕಳಿಸಲು ನೋಡಿ. ಧೂಳು ಅಷ್ಟಿಷ್ಟಲ್ಲ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಅಂಟಿಸಿದ್ದರೂ ಮಲಗುವ ಕೋಣೆಯವರೆಗೆ ಬಂದಿತ್ತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೂತು ಲೆಕ್ಕ ಹಾಕಿದೆ. ಒಡೆಯಲು 3 ದಿನ, ಅದರ ಹಿಂದೆಯೇ ಒಂದು ವಾರ ಖಾಲಿ, ಪೈಪು ವೈರಿಂಗ್ ಒಂದು ವಾರ, ಪ್ಲಾಸ್ಟರ್ ಮತ್ತು ಒಣಗಲು ಮೂರು ವಾರ, ಟೈಲ್ಸ್ ಒಂದು ವಾರ, ಕ್ಯಾಬಿನೆಟ್ ಐದು, ಕಲ್ಲು ಎರಡು. ಹತ್ತಿರ ಹತ್ತಿರ ಹದಿಮೂರು ವಾರ! ಮುಂದಿನ ಸೋಮವಾರ ಒಡೆಯುವುದಿತ್ತು, ಬೇಡ ಅಂತ ಹೇಳಿದೆ. ಇನ್ನೊಂದು ಕೇಳಬೇಕು. ಕ್ಯಾಬಿನೆಟ್ ಆರ್ಡರ್ ಮೊದಲೇ ಕೊಟ್ಟುಬಿಟ್ಟರೆ ಆ ಐದು ವಾರ ಉಳಿಯುವುದಿಲ್ಲವೇ?

ಉತ್ತರ 1:
ಪೂರ್ತಿ ಉಳಿಯುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಪ್ಲಾಸ್ಟರ್ ಆದ ತಕ್ಷಣ ಅಳತೆ ಕೊಡಿ, ಗೋಡೆ ಒಣಗುವುದು, ಟೈಲ್ಸ್ ಹಾಕುವುದು, ಫ್ಯಾಕ್ಟರಿ ಕೆಲಸ ಒಟ್ಟಿಗೆ ನಡೆಯಲಿ. ಮೂರು ವಾರ ಮಿಗಬಹುದು. ಗೋಡೆ ಒಡೆಯುವ ಮೊದಲೇ ಅಳತೆ ಕೊಡುವುದು ಮಾತ್ರ ಬೇಡ. ಹೊಸ ಪ್ಲಾಸ್ಟರ್ ಎಷ್ಟು ದಪ್ಪ ಬರುತ್ತದೆ ಅಂತ ಗಾರೆಯವರಿಗೂ ಮೊದಲೇ ಹೇಳಲು ಆಗುವುದಿಲ್ಲ. ಅಳತೆಗೆ ಬಂದವರಿಗೆ ಟೈಲ್ಸ್ ಇನ್ನೂ ಹಾಕಿಲ್ಲ ಅಂತ ತಪ್ಪದೆ ಹೇಳಿ. ಟೈಲ್ಸ್, ಅಂಟು ಸೇರಿ ಒಂದೊಂದು ಗೋಡೆಗೆ 12ರಿಂದ 15 ಮಿ.ಮೀ. ಹೋಗುತ್ತದೆ. ಎರಡು ಗೋಡೆ ನಡುವೆ ಕೂರುವ ಕ್ಯಾಬಿನೆಟ್ ಆದರೆ ಎರಡೂ ಕಡೆಯದನ್ನು ಕಳೆಯಬೇಕು. ತುದಿಯಲ್ಲಿ ಒಂದು ಫಿಲ್ಲರ್ ಪಟ್ಟಿ ಬಿಡಲು ಹೇಳಿ. ಸ್ವಲ್ಪ ಹೆಚ್ಚು ಕಮ್ಮಿ ಆದರೆ ಆ ಪಟ್ಟಿಯನ್ನು ಅಲ್ಲೇ ಕತ್ತರಿಸಿ ಸರಿ ಮಾಡುತ್ತಾರೆ.