ಭಾನುವಾರ ಸಂಜೆಯ ಆತಂಕ: ಮನಶ್ಶಾಸ್ತ್ರಜ್ಞರಿಗೆ ಕೇಳಿ

ಪ್ರಶ್ನೆ: ಮೇಡಂ, ನಮಸ್ಕಾರ. ಮನೆ ಬನಶಂಕರಿ, ಕೆಲಸ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ. ಭಾನುವಾರ ಹತ್ತಕ್ಕೆ ಎದ್ದು, ಮಧ್ಯಾಹ್ನದ ಊಟದವರೆಗೂ ಚೆನ್ನಾಗಿರುತ್ತೇನೆ. ಸಂಜೆಯಾಗುತ್ತಲೇ ಹೊಟ್ಟೆ ತೊಳಸುತ್ತದೆ, ಎದೆ ಡವಗುಟ್ಟುತ್ತದೆ. ಮತ್ತೆ ಮತ್ತೆ ಕಚೇರಿಯ ಇಮೇಲ್ ತೆರೆದು ನೋಡುತ್ತೇನೆ. ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ. ಸೋಮವಾರದ ಮೀಟಿಂಗ್ ಮುಗಿದ ಮೇಲೆ ಎಲ್ಲ ಸರಿಹೋಗುತ್ತದೆ. ಇದು ಕಾಯಿಲೆಯೇ?

ಉತ್ತರ: ಮೀಟಿಂಗ್ ಮುಗಿದೊಡನೆ ಇಳಿಯುತ್ತದೆ ಎಂದಿರಲ್ಲ, ಅದೇ ಮುಖ್ಯವಾದ ಸುಳಿವು. ಮುಂದೆ ಬರಲಿರುವುದನ್ನು ನೆನೆದೇ ಮೈ ಸಜ್ಜಾಗುತ್ತದೆ. ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಇಷ್ಟರಿಂದಲೇ ಕಾಯಿಲೆ ಎನ್ನಲಾಗದು. ಆದರೆ 'ಎಲ್ಲರಿಗೂ ಇರುವುದೇ' ಎಂದು ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ವಾರಕ್ಕೊಂದು ರಾತ್ರಿಯ ನಿದ್ದೆ ಕೆಡುವುದು ಸಣ್ಣ ಮಾತಲ್ಲ.

ಇದರ ಮದ್ದು ಶುಕ್ರವಾರ ಸಂಜೆಯಲ್ಲಿದೆ. ಹೊರಡುವ ಮುನ್ನ ಹದಿನೈದು ನಿಮಿಷ ಕುಳಿತು ಯಾವ ಕೆಲಸ ಎಲ್ಲಿಗೆ ನಿಂತಿದೆ, ಸೋಮವಾರ ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂದು ಬರೆದಿಡಿ. ಅರ್ಧಕ್ಕೆ ಬಿಟ್ಟ ಕೆಲಸವನ್ನು ಮನಸ್ಸು ಹಿಡಿದುಕೊಂಡೇ ಇರುತ್ತದೆ. ಕಾಗದಕ್ಕೆ ಇಳಿಸಿದರೆ ಹಿಡಿತ ಸಡಿಲಾಗುತ್ತದೆ. ಮೀಟಿಂಗ್‌ನ ಭಯವನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. 'ಸೋಮವಾರ ಎಂದರೆ ಭಯ' ಎಂಬುದಕ್ಕೆ ಉತ್ತರವಿಲ್ಲ. 'ವರದಿ ಏಕೆ ತಡವಾಯಿತು ಎಂದು ಕೇಳಿದರೆ ಏನು ಹೇಳಲಿ' ಎಂಬುದಕ್ಕೆ ಇದೆ. ಆ ಉತ್ತರವನ್ನೂ ಕೆಳಗೇ ಬರೆದುಬಿಡಿ.

ಭಾನುವಾರ ಇಮೇಲ್ ತೆರೆಯಬೇಡಿ. ನೋಡಿದಾಗ ಕ್ಷಣಕಾಲ ಸಮಾಧಾನವಾಗುತ್ತದೆ, ಆ ಸಮಾಧಾನವೇ ಮತ್ತೆ ನೋಡುವಂತೆ ಮಾಡುತ್ತದೆ. ಸಂಜೆ ಐದರ ಸ್ಟ್ರಾಂಗ್ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಹತ್ತಕ್ಕೆ ಎದ್ದವರಿಗೆ ಹನ್ನೊಂದಕ್ಕೆ ನಿದ್ದೆ ಬರುವುದೂ ಕಷ್ಟ; ಏಳೂವರೆಗೆ ಏಳಿ. ಎದೆ ಡವಗುಟ್ಟಿದಾಗ ಉಸಿರು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಬಿಡಿ, ಐದು ನಿಮಿಷ ಸಾಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನ ತಮ್ಮನಿಗೆ ವಾರವಿಡೀ ಹೀಗೆಯೇ. ಸೋಮವಾರ ಬಂದರೆ ರಜೆ ಹಾಕುತ್ತಾನೆ, ಊಟವೂ ಸೇರುವುದಿಲ್ಲ. ಕೆಲಸ ಬಿಡಿಸಿಬಿಡೋಣವೇ?

ಉತ್ತರ: ಆ ತೀರ್ಮಾನ ಈಗಲೇ ಬೇಡ. ರಜೆ ಹಾಕಿದ ದಿನ ಹಗುರವೆನಿಸುತ್ತದೆ, ಮರುದಿನದ ಭಯ ಮಾತ್ರ ದೊಡ್ಡದಾಗುತ್ತದೆ. ಮೇಲಿನವರು ಎಲ್ಲರೆದುರು ಅವಮಾನಿಸುತ್ತಾರೆಯೇ, ಮೈಮುರಿಯುವಷ್ಟು ಕೆಲಸ ಹೊರಿಸಿದ್ದಾರೆಯೇ ಎಂದು ಮೊದಲು ಕೇಳಿ. ಹಾಗಿದ್ದರೆ ಬದಲಾಗಬೇಕಾದದ್ದು ಕೆಲಸದ ಜಾಗ. ಉಸಿರಾಟದ ಅಭ್ಯಾಸ ಅದಕ್ಕೆ ಮದ್ದಲ್ಲ. ಎರಡು ವಾರ ಮೀರಿ ನಿದ್ದೆ, ಊಟ, ಉತ್ಸಾಹ ಕುಗ್ಗಿದ್ದರೆ ತಜ್ಞರಿಗೆ ತೋರಿಸಲೇಬೇಕು. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆ, ಆದ್ದರಿಂದ ರಕ್ತ ಪರೀಕ್ಷೆಯೂ ಆಗಲಿ. ನಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕುವುದೇ ಬೇಡ ಎಂಬ ಮಾತು ಅವನ ಬಾಯಲ್ಲಿ ಬಂದಿದ್ದರೆ ಒಬ್ಬನನ್ನೇ ಬಿಡಬೇಡಿ. ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.