ಅಪ್‌ಡೇಟ್: ಇಂಜಿನ್ ಕೆಲಸ ಆದ್ಮೇಲೂ ಆಯಿಲ್ ಕುಡೀತಿದ್ದ ಲಾರಿ, ಕಾರಣ ಸಿಕ್ತು

ಹೋದ ತಿಂಗಳು ಕೇಳಿದ್ನಲ್ಲ, ಆರು ಸಿಲಿಂಡರ್ ಲಾರಿ, ಹೊಸ ಲೈನರ್ (ಪಿಸ್ಟನ್ ಓಡಾಡೋ ಕೊಳವೆ), ಪಿಸ್ಟನ್ ಹಾಕ್ಸಿ 4000 ಕಿ.ಮೀ. ಓಡಿದ್ರೂ 300 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಹೋಗ್ತಿದೆ, ನೀಲಿ ಹೊಗೆ ಬೇರೆ ಅಂತ. ಪಿಸ್ಟನ್ ಸುತ್ತ ಇರೋ ಹೊಸ ರಿಂಗ್‌ಗಳು ಲೈನರ್‌ಗೆ ಹೊಂದ್ಕೊಳ್ಲಿ, ಓಡ್ಸಿ ಅಂದ್ರಿ, ಫುಲ್ ಲೋಡಲ್ಲಿ ಶಿರಾಡಿ ಘಾಟಿ ಎರಡು ಸಲ ಹತ್ತಿಸ್ದೆ, ಏನೂ ಬದಲಾಗ್ಲಿಲ್ಲ. ಇಂಜಿನ್‌ಗೆ ಗಾಳಿ ತುಂಬೋ ಟರ್ಬೋ ಆಯಿಲ್ ಬಿಡ್ತಿರ್ಬೋದು ಅಂತ, ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಪೈಪ್ ಬಿಚ್ಚಿ ಬೆರಳು ಹಾಕಿ ನೋಡಿದ್ರೆ ಒಣಗಿತ್ತು. ಆರು ಸಿಲಿಂಡರ್‌ಗೂ ಕಂಪ್ರೆಶನ್ (ಒಳಗಿನ ಒತ್ತಡ) ಸರಿ, ಬ್ಯಾಕ್ ಕಂಪ್ರೆಶನ್ನೂ (ರಿಂಗ್ ದಾಟಿ ಗ್ಯಾಸ್ ಕೆಳಗೆ ಬರೋದು) ಇಲ್ಲ, ಹಂಗಾಗಿ ರಿಂಗ್ ಸರಿ ಇದೆ ಅನ್ಕೊಂಡ್ವಿ, ಅದೇ ನಮ್ಮನ್ನ ದಾರಿ ತಪ್ಪಿಸಿದ್ದು.

ಕೊನೆಗೆ ಬೇರೆ ಮೇಸ್ತ್ರಿ ಹತ್ರ ಹೆಡ್ (ಸಿಲಿಂಡರ್ ಮೇಲಿನ ಭಾಗ) ಇಳಿಸಿದ್ವಿ. ಪಿಸ್ಟನ್ ತಲೆ ನಡುವೆ ಕರಿ ಮಸಿ, ಸುತ್ತ ಅಂಚು ಮಾತ್ರ ಆಯಿಲ್ ತೊಳೆದು ಪಳಪಳ ಅಂತಿತ್ತು. ‘ಹೆಡ್‌ನಲ್ಲಿರೋ ವಾಲ್ವ್ ಗೈಡ್ ಅಲ್ಲ ಅಣ್ಣ, ಕೆಳಗಿಂದ, ರಿಂಗ್ ದಾಟಿ ಬರ್ತಿದೆ’ ಅಂದ್ರು ಮೇಸ್ತ್ರಿ. ಪಿಸ್ಟನ್ ಎಳೆದು ಎರಡನೇ ರಿಂಗ್ ಬಿಚ್ಚಿದ್ರೆ, ‘ಟಾಪ್’ ಅಂತ ಸಣ್ಣ ಅಕ್ಷರ ಕೆಳಮುಖ! ಆರು ಪಿಸ್ಟನ್‌ನಲ್ಲಿ ನಾಲ್ಕಕ್ಕೆ ಹಂಗೇ ಇತ್ತು. ಆ ರಿಂಗಿನ ಮುಖ ಸ್ವಲ್ಪ ಓರೆ, ಪಿಸ್ಟನ್ ಇಳಿಯುವಾಗ ಆಯಿಲ್ ಕೆರೆದು ಕೆಳಗೆ ತಳ್ಬೇಕು, ಉಲ್ಟಾ ಕೂತ್ರೆ ಮೇಲಕ್ಕೆ ಎತ್ತುತ್ತೆ, ಮೊದಲ್ನೇ ರಿಂಗ್ ಚೆನ್ನಾಗಿರೋದ್ರಿಂದ ಕಂಪ್ರೆಶನ್ ಮಾತ್ರ ಬೀಳಲ್ಲ.

ಹೊಸ ರಿಂಗ್ ಸೆಟ್ ಹಾಕಿ, ಲೈನರ್‌ಗೆ ಹೋನಿಂಗ್ (ಒಳಮೈ ಉಜ್ಜೋದು) ಮಾಡ್ಸಿ 1500 ಕಿ.ಮೀ. ಆಯ್ತು, ಆಯಿಲ್ ಮಟ್ಟ ಡಿಪ್‌ಸ್ಟಿಕ್‌ನ (ಅಳತೆ ಕಡ್ಡಿ) ಮೇಲಿನ ಗೆರೆ ಹತ್ರಾನೇ ಇದೆ. ಹೆಡ್ ಇಳ್ಸಿ ನೋಡು ಅಂತ ಪಟ್ಟು ಹಿಡಿದೋರಿಗೆ ತುಂಬಾ ಥ್ಯಾಂಕ್ಸ್.