ಕ್ಲಿನಿಕ್ ತೆರೆದು ಎಂಟು ತಿಂಗಳಾಯಿತು, ಹೆಸರು ಬರುವುದು ಹೇಗೆ?

ಪ್ರಶ್ನೆ (ಹೊಸ ಡಾಕ್ಟರ್, ಅರಸೀಕೆರೆ)
ಎಂಬಿಬಿಎಸ್ ಮುಗಿಸಿ ಎರಡು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ. ಈಗ ಸ್ವಂತ ಕ್ಲಿನಿಕ್. ದಿನಕ್ಕೆ ಆರೇಳು ಪೇಷೆಂಟ್ ಬಂದರೆ ಜಾಸ್ತಿ. ಜ್ವರಕ್ಕೆ ಇಂಜೆಕ್ಷನ್ ಹಾಕಲಿಲ್ಲ ಅಂತ ಎದ್ದು ಹೋಗುತ್ತಾರೆ. ಮೊನ್ನೆ ಒಬ್ಬರು ಬಂದು, ಗೂಗಲ್‌ನಲ್ಲಿ ಇನ್ನೂರು ಫೈವ್ ಸ್ಟಾರ್ ರಿವ್ಯೂ ಹಾಕಿಸಿಕೊಡುತ್ತೇವೆ ಅಂದರು. ಮನಸ್ಸು ಒಪ್ಪಲಿಲ್ಲ. ಜನ ಒಬ್ಬ ಡಾಕ್ಟರನ್ನು ನಂಬುವುದು ಯಾವುದರಿಂದ? ಹಿರಿಯರು ಹೇಳಿ.

ಉತ್ತರ (34 ವರ್ಷ ಪ್ರಾಕ್ಟೀಸ್ ಮಾಡಿದವನು, ತಿಪಟೂರು)
ರಿವ್ಯೂ ಕೊಳ್ಳಬೇಡಿ ಡಾಕ್ಟ್ರೇ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ ಕ್ಲಿನಿಕ್ ಶುರುವಾದದ್ದು, ವಿಳಾಸ ಬದಲಾದದ್ದು, ಫೀಸು ಎಷ್ಟು ಎಂಬುದನ್ನು ಪೇಪರಿನಲ್ಲಿ ಹಾಕಿಸಬಹುದು. ಪೇಷೆಂಟನ್ನು ಸೆಳೆಯಲು ಜಾಹೀರಾತು ಕೂಡದು.

ನನ್ನ ಮಗಳೂ ಈಗಷ್ಟೇ ಕ್ಲಿನಿಕ್ ತೆರೆದಿದ್ದಾಳೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲ ವರ್ಷ ನಾನು ಜ್ವರಕ್ಕೆ ಪ್ಯಾರಸಿಟಮಾಲ್ ಬರೆದು ಸುಮ್ನೆ ಕಳಿಸುತ್ತಿದ್ದೆ. ಮಾಮೂಲಿ ವೈರಲ್ ಜ್ವರ ಇಳಿಯಲು ಮೂರರಿಂದ ಐದು ದಿನ ಬೇಕು. ಅವರು ಮೂರನೇ ದಿನ ಬೇರೆ ಕಡೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ನಾಲ್ಕನೇ ದಿನ ಜ್ವರ ಬಿಡುತ್ತಿತ್ತು. ಕೈಗುಣ ಯಾರದಾಯಿತು ಹೇಳಿ?

ಆಮೇಲೆ ಮೊದಲ ದಿನವೇ ಹೇಳತೊಡಗಿದೆ. "ಇದು ನಾಳೆಗೇ ಬಿಡಲ್ಲ, ನಾಡಿದ್ದೂ ಇರಬಹುದು. ಹೊಟ್ಟೆನೋವು ಜಾಸ್ತಿಯಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಬನ್ನಿ." ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಎಚ್ಚರ ಬೇಕು ಅಲ್ವಾ, ಅದನ್ನೂ ಬಿಡಿಸಿ ಹೇಳುತ್ತಿದ್ದೆ. ಹೇಳಿದ ಹಾಗೇ ಆದಾಗ ಜನ ವಾಪಸ್ ಬಂದರು. ಪಕ್ಕದ ಮನೆಯವರನ್ನೂ ಕರೆತಂದರು.

ಉತ್ತರ (ಮಂಡ್ಯ)
ನಮ್ಮೂರಲ್ಲಿ ಡಾಕ್ಟರ್ ಶಂಕರೇಗೌಡರು ಇದ್ದಾರೆ, ಚರ್ಮರೋಗ ತಜ್ಞರು. ಫೀಸಿನಿಂದಲೇ "ಐದು ರೂಪಾಯಿ ಡಾಕ್ಟರ್" ಅಂತ ಹೆಸರು. ಆದರೆ ಕಡಿಮೆ ಫೀಸು ಒಂದೇ ಕಾರಣ ಅಂತ ನನಗೆ ಅನಿಸಲ್ಲ. ಗುಣ ಆಗದಿದ್ದರೆ ಬಿಟ್ಟಿ ನೋಡಿದರೂ ಯಾರು ಬಸ್ ಹತ್ತಿ ಬರುತ್ತಾರೆ?

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಜ್ವರ ಎಷ್ಟು ದಿನ ಇರಬಹುದು ಅಂತ ಚೀಟಿಯ ಹಿಂದೆ ಬರೆದುಕೊಡಲು ಶುರು ಮಾಡುತ್ತೇನೆ. ಓದು ಬಾರದವರಿಗೆ ಏನು ಮಾಡುತ್ತಿದ್ದಿರಿ?

ಉತ್ತರ (ತಿಪಟೂರು)
ನಾನು ಹೇಳಿದ್ದನ್ನು ಅವರ ಬಾಯಲ್ಲೇ ಒಂದು ಸಲ ಹೇಳಿಸುತ್ತಿದ್ದೆ. ಜೊತೆಗೆ ಬಂದವರಿಗೂ ಹೇಳಿ. ಮೂರನೇ ದಿನ ಸುದ್ದಿ ಬರದಿದ್ದರೆ ನೀವೇ ಫೋನ್ ಮಾಡಿ, "ಜ್ವರ ಹೇಗಿದೆ?" ಅಂತ ಕೇಳಿ.